ಜಾಡಿಯಿಲ್ಲದ ಮುಚ್ಚಳ

ಜಪಾನಿನ ಇಗಾ ಸೀಮೆಯ ಕುಂಬಾರಿಕೆಯಲ್ಲಿ ಚಹಾಕೂಟದ ತಣ್ಣೀರ ಜಾಡಿಯೆಂದೊಡನೆ ನಲವತ್ತು ವರ್ಷಗಳಿಂದ ನೆನಪಾಗುವ ಹೆಸರು ನಮ್ಮ ಗುರುಗಳಾದ ಕುಸಾಕಾ ತೊಕುಜಿಯವರದು. ಎಪ್ಪತ್ತೇಳು ತುಂಬಿದ ಈ ವಸಂತದಲ್ಲಿ, ಕೈ ನಡುಗುತ್ತದೆಂದು ಅವರು ತಿಗರಿ ಬಿಟ್ಟಿದ್ದಾರೆ. ಅವರ ಜಾಡಿಗಳ ಗುಣಗಾನವನ್ನು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಮಾಡಿದ್ದಾರೆ; ನಾನು ಬರೆಯಬೇಕಾದದ್ದು ಒಡೆದುಹೋದ ಒಂದು ಜಾಡಿಯ ಬಗ್ಗೆ, ಏಕೆಂದರೆ ಅದನ್ನು ಒಡೆದವಳು ನಾನು.

ಅವರಲ್ಲಿ ಕಲಿಯಲು ಸೇರಿದಾಗ ನನಗೆ ಇಪ್ಪತ್ತೆರಡು. ಹೆಂಗಸು ಆವಿಗೆಯ ಮುಂದೆ ನಿಲ್ಲುವುದೇ ಎಂದು ಊರಿನವರು ಮೂಗು ಮುರಿದಾಗ, ಗುರುಗಳು ತಮ್ಮ ಚರ್ಮದ ಕೈಗವಸನ್ನೇ ನನಗೆ ಕೊಟ್ಟು, ತಾವು ಗೋಣಿ ಸುತ್ತಿಕೊಂಡು ಸೌದೆ ಹಾಕಿದರು. ನಾಲ್ಕನೆಯ ವರ್ಷ, ಸುಡುವಾಗ ಕೆಟ್ಟ ಪಾತ್ರೆಗಳನ್ನು ಒಡೆಯುವ ಸುತ್ತಿಗೆ ನನ್ನ ಕೈಗೆ ಬಂತು.

ಆವಿಗೆ ತೆರೆಯುವ ದಿನ ಕ್ಯೋಟೋದ ವ್ಯಾಪಾರಿಗಳು ಬೆಳಗ್ಗೆಯೇ ಬಂದು ಕೂರುತ್ತಾರೆ. ಕೆಟ್ಟವನ್ನೆಲ್ಲ ಹಿತ್ತಲ ಗೋಡೆಯ ಬಳಿ ಸಾಲಾಗಿಟ್ಟು, ಅವರು ಏಳುವುದರೊಳಗೆ ಒಡೆದು ಮುಗಿಸಬೇಕು. ಆ ವರ್ಷ ಅಂಥದೊಂದು ದಿನ ಸಾಲಿನಲ್ಲಿ ಒಂದು ಜಾಡಿ ತುಸು ವಾಲಿತ್ತು. ಸೌದೆಯ ಬೂದಿ ಬೆಂಕಿಯಲ್ಲಿ ಕರಗಿ ಅದರ ಹೆಗಲ ಮೇಲೆ ಹಸಿರಾಗಿ ಇಳಿದಿತ್ತು. ಚೆನ್ನಾಗಿದೆ ಎಂದು ಮನಸ್ಸು ಹೇಳಿತು. ಆದರೂ ನನ್ನ ಕಣ್ಣು ಗುರುಗಳ ಕಣ್ಣಿನಷ್ಟೇ ಕಟ್ಟುನಿಟ್ಟೆಂದು ತೋರಿಸುವ ಜಂಬದಲ್ಲಿ ಸುತ್ತಿಗೆ ಬೀಸಿದೆ.

ಗುರುಗಳು ಅದನ್ನು ಮಡದಿ ಕಿಯೊನೊ ಅಮ್ಮನವರಿಗೆಂದು ಮಾಡಿದ್ದರು. ಊರಿಗೆಲ್ಲ ಚಹಾಕೂಟದ ವಿಧಿ ಕಲಿಸುವ ಅಮ್ಮನವರ ಬಳಿ ಗಂಡ ಮಾಡಿದ ಜಾಡಿ ಒಂದೂ ಇರಲಿಲ್ಲ. ಒಳ್ಳೆಯದೆಲ್ಲ ವ್ಯಾಪಾರಿಗಳ ಪಾಲಾಗುತ್ತಿತ್ತು. ಅವರ ಕಣ್ಣಿಗೆ ಬೀಳದಿರಲೆಂದು ಈ ಒಂದನ್ನು ಕೆಟ್ಟವುಗಳ ನಡುವೆ ಬಚ್ಚಿಟ್ಟಿದ್ದರು. ನನಗೆ ಹೇಳುವಷ್ಟರಲ್ಲಿ ಒಳಗಿನಿಂದ ಕರೆ ಬಂದಿತ್ತು. ಮಧ್ಯಾಹ್ನ ಹಿತ್ತಲಿಗೆ ಬಂದರು.

"ವಾಲಿದ್ದನ್ನೂ ಒಡೆದ್ಯಾ ಮಿನೆಯೊ?"

"ಹೂಂ ಗುರುಗಳೇ, ಮೊದಲು ಅದನ್ನೇ ಒಡೆದೆ."

"ಸರಿ. ನಾನು ಹೇಳ್ಕೊಟ್ಟ ಹಾಗೇ ಮಾಡಿದ್ದೀಯ."

ಸಂಜೆ ಅವರು, ನಿನ್ನ ಜಾಡಿ ಬೆಂಕಿಯಲ್ಲೇ ಸೀಳಿತೆಂದು ಅಮ್ಮನವರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ವಿಷಯ ತಿಳಿದದ್ದು ಆಗಲೇ. ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು, ಹೋಗಲಿಲ್ಲ. ಮೂವತ್ತೊಂದು ವರ್ಷ ಹೋಗಲಿಲ್ಲ. ಗುರುಗಳೂ ಅಮ್ಮನವರಿಗೆಂದು ಮತ್ತೊಂದು ಜಾಡಿ ಮಾಡಲಿಲ್ಲ.

ಈ ಲೇಖನ ಬರೆಯಲು ಒಪ್ಪಿಕೊಂಡೊಡನೆ ಅಮ್ಮನವರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು ಕಣೆ," ಎಂದರು ಅಮ್ಮ. "ಹಿತ್ತಲು ಗುಡಿಸಿದ್ದು ನಾನಲ್ವಾ? ಬೆಂಕಿಲಿ ಸೀಳಿದ್ರೆ ಒಡೆದ ಅಂಚಿಗೂ ಬೂದಿ ಹತ್ತಿರುತ್ತೆ, ಆ ಚೂರುಗಳ ಅಂಚಲ್ಲಿ ಬೂದಿನೇ ಇರ್ಲಿಲ್ಲ. ಅವರು ನಿನ್ನ ತಪ್ಪು ಮುಚ್ಚಿಟ್ರು, ನಾನು ಅವರ ಸುಳ್ಳು ಮುಚ್ಚಿಟ್ಟೆ."

ಬಳಿಕ ಬಟ್ಟೆಯಲ್ಲಿ ಸುತ್ತಿದ್ದ ಒಂದು ಮುಚ್ಚಳ ತಂದರು. ಕರಗಿದ ಬೂದಿಗೆ ಅಂಟಿಕೊಳ್ಳದಿರಲೆಂದು ಮುಚ್ಚಳವನ್ನು ಬೇರೆಯಾಗಿಟ್ಟು ಸುಡುವುದು ನಮ್ಮ ರೂಢಿ. ಹಾಗಾಗಿ ಅದೊಂದು ಉಳಿದಿತ್ತು.

"ಎಲ್ಲರ ಮನೇಲಿ ಮುಚ್ಚಳ ಒಡೆಯುತ್ತೆ, ನಮ್ಮನೇಲಿ ಜಾಡಿ ಒಡೀತು. ಅವರ ಕೈಲಿ ಇನ್ನಾಗಲ್ಲ. ಇದಕ್ಕೊಂದು ಮೈ ನೀನೇ ಮಾಡ್ಕೊಂಡು ಬಾ."

ಸುಟ್ಟಾಗ ಮಣ್ಣು ಹೇಗೆ ಕುಗ್ಗುತ್ತದೆಂದು ಬಲ್ಲವರಿಗೆ ಈ ಕೆಲಸದ ಕಷ್ಟ ಗೊತ್ತು. ಇದುವರೆಗೆ ಏಳು ಜಾಡಿ ಸುಟ್ಟಿದ್ದೇನೆ. ಒಂದರ ಮೇಲೂ ಮುಚ್ಚಳ ಕೂತಿಲ್ಲ. ಮೊದಲ ಸಲ ಮುಚ್ಚಳದ ಗುರುತು ಹತ್ತಿದಾಗ ಗುರುಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನವರಿದ್ದ ಕೋಣೆಯತ್ತ ನೋಡಿದರು. ಈಗ ಪ್ರತಿ ಬಾರಿಯೂ ನಡುಗುವ ಬೆರಳನ್ನು ಅಂಚಿನ ಮೇಲಾಡಿಸಿ, "ಇನ್ನೊಂದು ಕೂದಲೆಳೆ" ಎನ್ನುತ್ತಾರೆ.

ಗುರುಗಳಿಗೂ ಅಮ್ಮನವರಿಗೂ ದೀರ್ಘಾಯುಷ್ಯವನ್ನು ಕೋರುವುದರಲ್ಲಿ ನನ್ನ ಸ್ವಾರ್ಥವೂ ಇದೆ. ಮುಚ್ಚಳ ಕೂತ ದಿನ ಆ ಜಾಡಿಗೆ ಅಮ್ಮನವರೇ ನೀರು ತುಂಬಬೇಕು, ಮೊದಲ ಬಟ್ಟಲು ಗುರುಗಳ ಕೈಗೆ ಹೋಗಬೇಕು. ನನಗೆ ಇನ್ನೂ ಸ್ವಲ್ಪ ಸಮಯ ಬೇಕು; ದಯವಿಟ್ಟು ಕಾಯಿರಿ.