ನಾನು ಹಾಕಿಕೊಳ್ಳದ ಎಲೆಯಡಿಕೆ

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ನೀವು ಕೇಳಿದರೆ ಹೌದೆನ್ನಲು ನಾಲಿಗೆ ಏಳುವುದಿಲ್ಲ. ನಂಬಿಕೆಯಂತೆಯೇ ನನ್ನಲ್ಲಿ ಇಲ್ಲದಿದ್ದ ಇನ್ನೊಂದು ಎಂದರೆ ಹೇಸಿಗೆ. ವಿಜಯಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ರಕ್ತ, ಕಫ, ಮಲ, ಮೂತ್ರ ನೋಡುವುದೇ ಹೊಟ್ಟೆಪಾಡು. ಕಫದ ಡಬ್ಬಿ ಮುಚ್ಚಿಟ್ಟು, ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಕೂತು ನಿಶ್ಚಿಂತೆಯಿಂದ ರೊಟ್ಟಿ ತಿನ್ನುತ್ತಿದ್ದೆ. ಹೇಸಿಗೆ ಅನ್ನುವುದು ವಸ್ತುವಿನಲ್ಲಿಲ್ಲ, ನೋಡುವವರ ತಲೆಯಲ್ಲಿದೆ ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಪಾಠ ಬೇರೆ ಹೇಳುತ್ತಿದ್ದೆ. ಈ ಬರಹ ಶುರು ಮಾಡುವ ಮುಂಚೆ ಎರಡು ಸಲ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದೇನೆ.

ಇದು ಎಂಟು ವರ್ಷದ ಹಿಂದಿನ ಮಾತು. ನನ್ನ ಅಕ್ಕನ ಮಗಳು ವಿಶಾಖಪಟ್ಟಣದಲ್ಲಿ ಹಡೆದಿದ್ದಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಕೂಸಿನ ತೊಟ್ಟಿಲ ಕಾರ್ಯಕ್ಕೆ ಅಕ್ಕನನ್ನು ನಾನೇ ಕರೆದುಕೊಂಡು ಹೊರಟೆ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಾನು ಮೂರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ಮುಂದೆ ನನಗೆ ಉಣಿಸಿದವಳು, ಎರೆದವಳು, ತಲೆ ಬಾಚಿದವಳು ಅಕ್ಕನೇ. ನಮ್ಮಿಬ್ಬರ ಸಂಬಂಧ ಎಂಥದ್ದು ಎಂಬುದು ನಿಮಗೆ ತಿಳಿದಿರಲಿ ಎಂದು ಇದನ್ನು ಮೊದಲೇ ಹೇಳುತ್ತಿದ್ದೇನೆ.

ರಾತ್ರಿ ರೈಲು ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿಗೆ ಬೆಳಿಗ್ಗೆ ಮುಟ್ಟುತ್ತದೆ. ಮುಂದಿನ ರೈಲು ಸಂಜೆ, ಅದೂ ಸಿಕಂದರಾಬಾದಿನಿಂದ. ನಡುವೆ ಇಡೀ ಹಗಲು. ಹೀಗಾಗಿ ಆ ದಿನದ ಕಾರ್ಯಕ್ರಮವನ್ನು ನಾನು ಒಂದು ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆ. ಸ್ಟೇಷನ್ ಹತ್ತಿರ ಹಗಲಿಗಷ್ಟೇ ಒಂದು ಕೋಣೆ, ಸ್ನಾನ, ಇಡ್ಲಿ, ಆಮೇಲೆ ಮ್ಯೂಸಿಯಂ, ಮಧ್ಯಾಹ್ನ ಕೋಣೆಗೆ ಬಂದು ಊಟ, ಒಂದು ತಾಸು ನಿದ್ದೆ, ಮೂರಕ್ಕೆ ಎದ್ದು ಚಾರ್‌ಮಿನಾರ್ ಕಡೆ ಹೋಗಿ ಬಾಣಂತಿಗೆ ಬಳೆ. ಮಧ್ಯಾಹ್ನದವರೆಗೆ ಎಲ್ಲವೂ ಬರೆದಂತೆಯೇ ನಡೆಯಿತು.

ಕೋಣೆ ಸಿಕ್ಕಿದ್ದು ನಾಂಪಲ್ಲಿ ಸ್ಟೇಷನ್ ಎದುರಿನ ಗಲ್ಲಿಯ ಒಂದು ಲಾಡ್ಜಿನಲ್ಲಿ, ಮೂರನೇ ಮಹಡಿಯ ಮೇಲೆ. ಮೆಟ್ಟಿಲಿನ ತಿರುವುಗಳಲ್ಲೆಲ್ಲ ಎಲೆಯಡಿಕೆಯ ಕೆಂಪು ಉಗುಳು, ಹಳೆಯದರ ಮೇಲೆ ಹೊಸದು, ಪದರಪದರವಾಗಿ ಗಟ್ಟಿಯಾಗಿತ್ತು. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ತಾಗದಂತೆ ಹತ್ತಿದಳು. ಕೋಣೆಯೊಳಗೆ ಫಿನೈಲ್ ವಾಸನೆ, ಅದರ ಅಡಿಗೆ ಬೇರೇನೋ ಮುಗ್ಗಲು ವಾಸನೆ. ಬಚ್ಚಲ ಮೋರಿಯಲ್ಲಿ ಕೂದಲ ಉಂಡೆ. ಮಂಚಕ್ಕೆ ಹೊಂದಿದ ಗೋಡೆಗೆ ಮಾತ್ರ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು. ದಿಂಬಿನ ಚೀಲ ತಲೆ ಇಡುವಲ್ಲಿ ಎಣ್ಣೆ ಹಿಡಿದು ಹಳದಿಗೆ ತಿರುಗಿತ್ತು.

ಮ್ಯೂಸಿಯಂ ನೋಡಿ ಬಂದು, ಮನೆಯಿಂದ ತಂದ ರೊಟ್ಟಿ ಬುತ್ತಿ ಉಂಡೆವು. ಅಕ್ಕ ಆ ಹಾಸಿಗೆಯ ಮೇಲೆ ಕೂಡಲೂ ಒಪ್ಪಲಿಲ್ಲ. ಬಾಗಿಲ ಚಿಲಕ ಹಾಕಿ, ಕುರ್ಚಿ ಎಳೆದುಕೊಂಡು, ಕೂಸಿಗೆಂದು ಅರ್ಧ ಹೊಲಿದಿದ್ದ ಕುಂಚಿಗೆಯನ್ನು ಕೈಗೆತ್ತಿಕೊಂಡಳು. ನಾನು ಮಂಚದ ಮೇಲೆ ಉರುಳಿದೆ.

"ದಿಂಬಿನ ಮ್ಯಾಲೆ ಟವೆಲ್ ಆದರೂ ಹಾಕ್ಕೊ ತಮ್ಮಾ. ಯಾವನೋ ಜೊಲ್ಲು ಸುರಿಸ್ಯಾನ ಅದರ ಮ್ಯಾಲೆ" ಎಂದಳು.

"ಒಣಗಿದ ಜೊಲ್ಲು ಏನೂ ಮಾಡಂಗಿಲ್ಲಕ್ಕಾ" ಎಂದು ನಕ್ಕು, ಅವಳನ್ನು ಕೆಣಕಲೆಂದೇ ಆ ದಿಂಬಿಗೆ ಕೆನ್ನೆ ಒತ್ತಿ ಗೋಡೆಯ ಕಡೆ ಹೊರಳಿದೆ. ಕೂಡಲೇ ನಿದ್ದೆ ಬಂತು.

ಎಚ್ಚರವಾದದ್ದು ಅಕ್ಕ ಕೂಗಿದ್ದಕ್ಕೆ. ಕಣ್ಣು ಬಿಟ್ಟಾಗ ನಾನು ಮಂಚದ ಮೇಲೆ ಎದ್ದು ಕೂತಿದ್ದೆ. ಅಕ್ಕ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಳು. ಏನಾಯಿತು ಎಂದು ಕೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಬಾಯಿ ತುಂಬಿತ್ತು.

ಅಗಿದು ಅಗಿದು ಮೆತ್ತಗಾದ ಎಲೆ, ಅಡಿಕೆಯ ಚೂರು, ತಂಬಾಕು. ಎಡಗಡೆ ದವಡೆಯಲ್ಲಿ ಒತ್ತಿಟ್ಟ ಒಂದು ಉಂಡೆ. ಅದು ಬೆಚ್ಚಗಿತ್ತು. ಸುಣ್ಣಕ್ಕೆ ಒಳಗೆನ್ನೆ ಉರಿಯುತ್ತಿತ್ತು. ತುಟಿಯ ಅಂಚಿನಿಂದ ಕೆಂಪು ರಸ ಇಳಿದು ಗದ್ದದ ಮೇಲೆ ಹರಿಯುತ್ತಿತ್ತು. ನಾನು ಹುಟ್ಟಿದಾಗಿನಿಂದ ಎಲೆಯಡಿಕೆ ಹಾಕಿಕೊಂಡವನಲ್ಲ. ಮದುವೆಮನೆಗಳಲ್ಲಿ ಕೊಟ್ಟರೂ ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ಆದರೆ ನಿಜವಾಗಿ ನನಗೆ ಹೇಸಿಗೆ ಹುಟ್ಟಿಸಿದ್ದು ಆ ತಂಬಾಕಲ್ಲ. ಆ ಬಾಯಿ, ಆ ಜೊಲ್ಲು ನನ್ನದಲ್ಲ ಅನ್ನಿಸಿತು. ಯಾರೋ ಬಹಳ ಹೊತ್ತು ಅಗಿದು, ಬೇಸರವಾದ ಮೇಲೆ ನನ್ನ ಬಾಯಲ್ಲಿ ಬಿಟ್ಟು ಹೋದ ಹಾಗಿತ್ತು. ಬಚ್ಚಲಿಗೆ ಓಡಿ ಕಾರಿಕೊಂಡೆ. ಉಂಡದ್ದೆಲ್ಲ ಹೋಯಿತು, ಬರೀ ನೀರು ಬಂತು, ಆದರೂ ಆ ರುಚಿ ಹೋಗಲಿಲ್ಲ. ಮೋರಿಯ ಕೂದಲ ಉಂಡೆಯ ಮೇಲೆ ಕೆಂಪು ನೀರು ನಿಂತಿತು. ನಾಲಿಗೆಯನ್ನು ಉಗುರಿನಿಂದ ಕೆರೆದೆ.

ಹೊರಗೆ ಬಂದಾಗ ಗೋಡೆ ಕಂಡಿತು. ಮಂಚದ ಪಕ್ಕದ ಹೊಸ ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಒಂದು ಉಗುಳು, ಇನ್ನೂ ಹಸಿ, ಕೆಳಗೆ ಇಳಿಯುತ್ತಿತ್ತು.

"ಏನ ತಿಂದಿ?" ಅಕ್ಕ ಕೇಳಿದಳು.

"ಏನೂ ತಿಂದಿಲ್ಲಕ್ಕಾ. ಯಾರು ಬಂದಿದ್ರು ಒಳಗ?"

"ಯಾರೂ ಬಂದಿಲ್ಲ. ಚಿಲಕ ಹಾಕಿದ್ದು ಹಾಕಿದಂಗ ಐತಿ. ನೀ ಏಳೂ ತನಕ ನಾ ಕುರ್ಚಿ ಬಿಟ್ಟು ಎದ್ದಿಲ್ಲ. ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಿ. ದವಡಿ ಆಡಿಸಾಕತ್ತಿದ್ದಿ. ಕನಸಿನ್ಯಾಗ ಉಣ್ಣಾಕತ್ತಾನ ಅಂದುಕೊಂಡೆ. ಆಮ್ಯಾಲೆ ಎದ್ದು ಕುಂತು ಗ್ವಾಡಿಗೆ ಉಗುಳಿದಿ."

"ಆಮ್ಯಾಲೆ?"

"ಆಮ್ಯಾಲೆ ಏನಿಲ್ಲ. ನಡಿ, ಇಲ್ಲಿಂದ ಹೋಗೂನು."

ಅಭ್ಯಾಸಬಲ ನೋಡಿ. ಅಷ್ಟರ ನಡುವೆಯೂ ಬಚ್ಚಲಲ್ಲಿ ಬಿದ್ದಿದ್ದ ಆ ಜಗಿದ ಉಂಡೆಯಲ್ಲಿ ಒಂದಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೆ. ಗಂಟುಮೂಟೆ ಹೊತ್ತು ಕೆಳಗಿಳಿದೆವು. ಲಾಡ್ಜಿನ ಮ್ಯಾನೇಜರು ಬೀದರ ಕಡೆಯ ವಯಸ್ಸಾದ ಮನುಷ್ಯ. ಬೆಳಿಗ್ಗೆ ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿಸಿದ್ದರು. ಗೋಡೆ ಹೊಲಸಾಗಿದೆ, ತಪ್ಪಾಯಿತು ಎಂದು ನಾನು ತಲೆ ತಗ್ಗಿಸಿ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ಯಾವ ಗ್ವಾಡಿರಿ? ಪಲಂಗದ ಬಾಜೂದಾ?" ಎಂದು ಕೇಳಿ, ನನ್ನ ತುಟಿಯನ್ನೇ ನೋಡಿದರು. "ಆ ಖೋಲ್ಯಾಗ ಆರು ವರ್ಷ ಒಬ್ಬಂವ ಇದ್ದನ್ರಿ. ಮಲಕ್ಕೊಂಡೇ ಎಲಿ ತಿಂತಿದ್ದ, ಆ ಗ್ವಾಡಿಗೇ ಉಗುಳ್ತಿದ್ದ. ಭಾಳ ಹೊಲಸ ಮನುಷ್ಯಾ. ಬಾಜೂ ಖೋಲಿಗಿ ಹೆಣ್ಮಕ್ಕಳು ಬಂದ್ರ ತ್ರಾಸ ಕೊಡ್ತಿದ್ದ. ಕಡಿಗಿ ಖಾಲಿ ಮಾಡಿಸಿ, ಗ್ವಾಡಿ ಕೆರಸಿ ಬಣ್ಣ ಹೊಡಸೇವಿ."

"ಯಾವಾಗ ಸತ್ತಾ?" ಎಂದೆ. ಹಾಗೆ ಯಾಕೆ ಕೇಳಿದೆನೋ ಗೊತ್ತಿಲ್ಲ.

"ಸತ್ತಿಲ್ಲರಿ. ಅವಂಗೇನಾಗ್ಯದ? ಊರಾಗ ಆರಾಮ ಅದಾನ. ಹೋದ ವಾರ ಫೋನ್ ಮಾಡಿದ್ದ, ಖೋಲಿ ಮತ್ತ ಕೊಡ್ತೀರೇನು ಅಂತ."

ನಿಮಗೆ ವಿಚಿತ್ರ ಅನ್ನಿಸಬಹುದು, ಅವನು ಸತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸತ್ತವರು ಮೈಮೇಲೆ ಬರುವ ಕಥೆಗಳನ್ನು ನಾನು ನಂಬದಿದ್ದರೂ ಕೇಳಿ ಗೊತ್ತಿತ್ತು. ಬದುಕಿರುವವನೊಬ್ಬ ಎಲ್ಲೋ ಊರಲ್ಲಿ ಕೂತು ನನ್ನ ಬಾಯಲ್ಲಿ ಅಗಿಯುವುದು ಯಾವ ಕಥೆಯಲ್ಲೂ ಇರಲಿಲ್ಲ.

ಬಳೆಗೆ ಹೋಗಲಿಲ್ಲ. ನೇರವಾಗಿ ಸಿಕಂದರಾಬಾದಿಗೆ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆವು. ನಾನು ನಲ್ಲಿಗೂ ಬೆಂಚಿಗೂ ಓಡಾಡುತ್ತಿದ್ದೆ. ಅಕ್ಕ ನಮ್ಮಿಬ್ಬರ ನಡುವೆ ಚೀಲ ಇಟ್ಟುಕೊಂಡು ಕೂತಿದ್ದಳು. ಭಾರ ಎಂದು ಇಟ್ಟಿರಬೇಕು ಎಂದುಕೊಂಡೆ.

ವಿಶಾಖಪಟ್ಟಣದಲ್ಲಿ ನಾಲ್ಕು ದಿನ ಇದ್ದೆವು. ನಾನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗಲೆಲ್ಲ ಅಕ್ಕ "ಈಗಷ್ಟ ಮಲಗೇತಿ" ಎನ್ನುತ್ತಿದ್ದಳು, ಕಣ್ಣು ಬಿಟ್ಟುಕೊಂಡ ಕೂಸನ್ನು ಎದೆಗವಚಿಕೊಂಡೇ. ನನಗೂ ಎತ್ತಿಕೊಳ್ಳಲು ಧೈರ್ಯವಿರಲಿಲ್ಲ. ಕೆನ್ನೆಗೆ ಮುತ್ತು ಕೊಡು ಎಂದು ಯಾರಾದರೂ ಹೇಳಿಬಿಟ್ಟಾರೆಂದು ಹೆದರಿಕೆ.

ಊರಿಗೆ ಬಂದ ಮೇಲೆ ಚೀಲದಲ್ಲಿ ತಂದದ್ದನ್ನು ಸ್ಲೈಡಿನ ಮೇಲೆ ಹಚ್ಚಿ ನೋಡಿದೆ. ಎಲೆಯ ನಾರು, ತಂಬಾಕಿನ ಪುಡಿ, ಬಾಯಿಯ ಒಳಪದರದ ಜೀವಕೋಶಗಳು. ಎಲ್ಲ ಮನುಷ್ಯರ ಜೊಲ್ಲಿನಲ್ಲಿ ಇರುವಂಥದ್ದೇ. ಯಾವ ಮನುಷ್ಯನದೆಂದು ಮೈಕ್ರೋಸ್ಕೋಪು ಹೇಳುವುದಿಲ್ಲ. ನಿದ್ದೆಯಲ್ಲಿ ನಡೆಯುವ ರೋಗದ ಬಗ್ಗೆ ನಮ್ಮ ಡಾಕ್ಟರನ್ನು ಕೇಳಿದೆ. ನಿದ್ದೆಯಲ್ಲಿ ನಡೆಯಬಹುದು, ಆದರೆ ಚಿಲಕ ಹಾಕಿದ ಕೋಣೆಯಲ್ಲಿ ಇಲ್ಲದ ಎಲೆಯಡಿಕೆ ಎಲ್ಲಿಂದ ಬರಬೇಕು ಎಂದು ಅವರೇ ನನ್ನನ್ನು ಕೇಳಿದರು.

ಅಕ್ಕ ಮೊದಲಿನಂತೆಯೇ ಇದ್ದಾಳೆ, ಒಂದು ವಿಷಯ ಬಿಟ್ಟು. ಅವಳ ಮನೆಗೆ ನಾನೊಬ್ಬನೇ ಹೋದರೆ ಬಾಗಿಲು ಪೂರಾ ತೆರೆದಿಡುತ್ತಾಳೆ, ಪಕ್ಕದ ಮನೆಯವರನ್ನು ಮಾತಿಗೆ ಕರೆಯುತ್ತಾಳೆ. ಇದನ್ನು ಗಮನಿಸಲು ನನಗೆ ವರ್ಷಗಳೇ ಬೇಕಾದವು. ಹೋದ ದೀಪಾವಳಿಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅಂದು ಗೋಡೆಗೆ ಉಗುಳಿದ ಮೇಲೆ ನಾನೇನು ಮಾಡಿದೆ?

ಅಕ್ಕ ನನ್ನ ಮುಖ ನೋಡದೆ ಹೇಳಿದಳು: "ಏನೂ ಮಾಡಲಿಲ್ಲ ತಮ್ಮಾ. ನನ್ನ ಕಡೆ ತಿರುಗಿ ನಕ್ಕಿ, ಅಷ್ಟ. ಮ್ಯಾಲಿಂದ ಕೆಳಗಿನ ತನಕ ನೋಡಿ ನಕ್ಕಿ. ನನ್ನ ಗಂಡ ಸತ್ತ ಹೊಸದರಾಗ ಓಣ್ಯಾಗ ಕೆಲವು ಮಂದಿ ನನ್ನ ಹಂಗ ನೋಡತಿದ್ರು."

ಅಷ್ಟು ಹೇಳಿ ಒಳಗೆ ಹೋದಳು. ನಾನು ಮನೆ ಮುಂದಿನ ಕಟ್ಟೆಯ ಮೇಲೆ ಹಾಗೇ ಕೂತಿದ್ದೆ. ತಪ್ಪಾಯಿತು ಎನ್ನೋಣವೆಂದರೆ ಅದು ನಾನಲ್ಲ. ನಾನಲ್ಲ ಎನ್ನೋಣವೆಂದರೆ ಅವಳು ನೋಡಿದ್ದು ನನ್ನ ಮುಖವನ್ನೇ. ಸ್ವಲ್ಪ ಹೊತ್ತಿಗೆ ಅಕ್ಕ ಚಹಾ ತಂದು, ಕಪ್ಪನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.