ಮೆಡಿಕಲ್ ಹಿಂದಿನ ದಿನ ಕುಡಿದ ಪಾಯಸ

"ಚೈತ್ರಾ ಡ್ರಗ್ಸ್ ತಗೊಳ್ತಾಳಂತೆ. ಬೇಗ ಬಾಮ್ಮಾ."

ಹೋದ ವಾರ ಭಾವ ಫೋನಿನಲ್ಲಿ ಹೇಳಿದ್ದು ಇಷ್ಟೇ. ಚೈತ್ರಾ ನನ್ನ ಅಕ್ಕನ ಮಗಳು. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ, ಸಿ.ವಿ. ರಾಮನ್ ನಗರದಿಂದ ಹಲಸೂರಿಗೆ ಆಟೊ ಹತ್ತಿದೆ.

ಹುಡುಗಿಗೆ ವಿಮಾನದಲ್ಲಿ ಕ್ಯಾಬಿನ್ ಕ್ರೂ ಕೆಲಸ ಸಿಕ್ಕಿತ್ತು. ಮೆಡಿಕಲ್ ಒಂದೇ ಬಾಕಿ. ಅದರ ಮೂತ್ರ ಪರೀಕ್ಷೆಯಲ್ಲಿ ಅಫೀಮಿನ ಅಂಶ ಇದೆ ಅಂತ ಬಂತು. ಖಚಿತಪಡಿಸಿಕೊಳ್ಳಲು ಸ್ಯಾಂಪಲ್ಲನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದ್ದರು. ಅದೂ ಹಾಗೇ ಬಂದರೆ ಕೆಲಸ ಹೋಯಿತು. ಆಮೇಲೆ ಈ ಲೈನಿನಲ್ಲಿ ಇನ್ಯಾರು ಕರೆಯುತ್ತಾರೆ?

ಮನೆಯಲ್ಲಿ ಸೂತಕದ ಕಳೆ. ಭಾವ ಅವಳ ಬ್ಯಾಗು, ಬೀರು ಎಲ್ಲ ಜಾಲಾಡಿದ್ದರು. (ಸಿಕ್ಕಿದ್ದು ಲಿಪ್‌ಸ್ಟಿಕ್ ಮತ್ತು ಅರ್ಧ ತಿಂದ ಚಿಕ್ಕಿ.) ಕಮ್ಮನಹಳ್ಳಿ ಗೆಳತಿಯರ ಸಹವಾಸವೇ ಕಾರಣ ಎಂಬ ತೀರ್ಪೂ ಆಗಿತ್ತು. ತಗೊಂಡಿಲ್ಲ ಅಂತ ಹುಡುಗಿ ಹೇಳುತ್ತಲೇ ಇದ್ದಳು. ಯಾರು ಕೇಳಬೇಕು? ನಾನೂ ಮೆಲ್ಲಗೆ ಅವಳ ಕಣ್ಣು ಕೆಂಪಗಿದೆಯಾ ಅಂತ ನೋಡಿದೆ. ಕೆಂಪಗಿತ್ತು. (ಬೆಳಗಿನಿಂದ ಅತ್ತವಳ ಕಣ್ಣು ಇನ್ಯಾವ ಬಣ್ಣ ಇರಬೇಕು?)

ಅಕ್ಕ ಮೂಗೊರೆಸಿಕೊಂಡು ಗೋಳಾಡಿದಳು. "ಟೆನ್ಷನ್‌ಗೆ ನಿದ್ದೆ ಬರಲ್ಲ ಅಂತ ಹಿಂದಿನ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿಸಿ ಮಲಗಿಸಿದ್ದೆ ಕಣೇ."

ಚೈತ್ರಾ ತಲೆಯೆತ್ತಿದಳು. ನಾನೂ.

ಗಸಗಸೆ ಯಾವ ಗಿಡದ್ದು? ಅಫೀಮಿನ ಗಿಡದ್ದೇ. ಹಬ್ಬದಲ್ಲಿ ಆ ಪಾಯಸ ಕುಡಿದು ಚಾಪೆ ಹುಡುಕುವ ನಮಗೆ ಅದು ಹೊಳೆದಿರಲಿಲ್ಲ ಅಷ್ಟೇ. ಚೈತ್ರಾ ತಕ್ಷಣ ಕಂಪನಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

ಎರಡನೇ ರಿಪೋರ್ಟ್ ಮೊನ್ನೆ ಬಂತು. ಅಂಶ ತೀರಾ ಕಡಿಮೆ, ಆಹಾರದಿಂದ ಬಂದಿದ್ದು, ಕೆಲಸಕ್ಕೆ ಅಡ್ಡಿಯಿಲ್ಲ. ಅಬ್ಬಾ, ಹೋದ ಜೀವ ಬಂದಂತಾಯಿತು. ಅಕ್ಕ ದೇವರಿಗೆ ದೀಪ ಹಚ್ಚಿದಳು. ಭಾವ ಅಂಗಡಿಗೆ ಓಡಿ ಮೈಸೂರುಪಾಕ್ ತಂದರು. (ಪಾಯಸದ ಹೆಸರನ್ನು ಯಾರೂ ಎತ್ತಲಿಲ್ಲ.)

ಎಲ್ಲರೂ ನಗುತ್ತಿದ್ದಾಗ ಚೈತ್ರಾ, ನಿಜವಾಗಿ ತಗೊಂಡಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಪ್ಪನನ್ನು ಕೇಳಿದಳು. ಮನೆಗೇ ಸೇರಿಸುತ್ತಿರಲಿಲ್ಲ ಎಂದರು ಭಾವ, ಮೈಸೂರುಪಾಕ್ ಮುರಿಯುತ್ತಾ.

ನನಗೆ ನಮ್ಮ ಸುತ್ತಮುತ್ತಲಿನ ಕೆಲವು ಮಕ್ಕಳ ಮುಖ ನೆನಪಾಯಿತು. ನಿಜವಾಗಿಯೂ ಚಟಕ್ಕೆ ಬಿದ್ದವರು, ಓದು ಬಿಟ್ಟವರು, ಸಿಕ್ಕ ಕೆಲಸ ಕಳೆದುಕೊಂಡವರು. ಅವರನ್ನು ಕಾಪಾಡಲು ಯಾವ ಪಾಯಸವೂ ಬರುವುದಿಲ್ಲ.

ಚೈತ್ರಾ ಮೆಲ್ಲಗೆ ಹೇಳಿದಳು. "ಮನೆಗೂ ಸೇರಿಸ್ದೆ ಇದ್ರೆ, ಅದನ್ನ ಬಿಡೋದಕ್ಕೆ ನಾನು ಎಲ್ಲಿಗೆ ಹೋಗ್ಬೇಕಿತ್ತಪ್ಪಾ?"

ಭಾವನ ಮೈಸೂರುಪಾಕ್ ಕೈಯಲ್ಲೇ ಉಳಿಯಿತು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?