ಕಾಕು ಬೆಕ್ಕಿಗೆ ಬೇಯಿಸುತ್ತಿದ್ದ ಮೊಟ್ಟೆ

ಸೋಲಾಪುರದ ನನ್ನ ಮನೆಗೆ ಕಳೆದ ವಾರ ಒಂದು ಬೆಕ್ಕಿನ ಮರಿ ಬಂದಿದೆ. ಅದಕ್ಕೆಂದು ಬೇಯಲು ಇಟ್ಟ ಮೊಟ್ಟೆಯನ್ನು ಮರೆತೆ. ನೀರು ಬತ್ತಿ, ಸಿಪ್ಪೆ ಒಡೆದು, ಸೀದ ವಾಸನೆ ಮನೆ ತುಂಬಿತು. ಗ್ಯಾಸ್ ಆರಿಸಿ ಅಲ್ಲೇ ನಿಂತೆ. ಅಕ್ಕಲಕೋಟೆಯ ಒಂದು ಹಿತ್ತಲಿನಲ್ಲಿ ಇಂಥದೇ ವಾಸನೆ ಇರುತ್ತಿತ್ತು...

ಪತ್ರಿಕೆಯ ಕೆಲಸಕ್ಕೆ ಅಕ್ಕಲಕೋಟೆಯಲ್ಲಿದ್ದಾಗ ನಾನು ಬಾಡಿಗೆಗಿದ್ದ ಮನೆ ಅದು. ಮನೆಯೊಡತಿಯನ್ನು ಕಾಕು ಎನ್ನುತ್ತಿದ್ದೆ, ಅವರ ಯಜಮಾನರನ್ನು ಕಾಕಾ. ಊರ ಹೊರಗೆ ಹೊಲವಿತ್ತು, ಇಬ್ಬರ ಕೊರಳಲ್ಲೂ ಲಿಂಗವಿತ್ತು. ಆ ಮನೆಯ ಹೊಸ್ತಿಲು ದಾಟಿ ಮೊಟ್ಟೆ ಒಳಗೆ ಹೋದದ್ದಿಲ್ಲ. ನಾನೂ ಹೊರಗೆ ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದೆ.

ತವರಿನಿಂದ ಬರುವಾಗ ಕಾಕು ಹೋಟಗಿಯಲ್ಲಿ ಗಾಡಿ ಬದಲಿಸುತ್ತಿದ್ದರು. ಒಂದು ಸಲ ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಬೆಕ್ಕಿನ ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. ಹಾಲಿನಲ್ಲಿ ಜೋಳದ ಭಕ್ರಿ ಕಲಸಿ, ಮೇಲೆ ತುಪ್ಪ ಹಾಕಿ ಸಾಕಿದರು. ಬೆಕ್ಕು ಬೆಳೆಯಿತು, ಆದರೆ ಮೈ ಹಿಡಿಯಲಿಲ್ಲ. ಕೂದಲು ಉದುರತೊಡಗಿತು. ಆಮೇಲೆ ಒಂದು ಸಂಜೆ ಅದು ದಿನವೂ ದಾಟುತ್ತಿದ್ದ ಹೊಸ್ತಿಲಿಗೇ ಮುಖ ಹೊಡೆದುಕೊಂಡಿತು.

ಬುಟ್ಟಿಯಲ್ಲಿಟ್ಟುಕೊಂಡು ಸೋಲಾಪುರದ ದನದ ಡಾಕ್ಟರರ ಬಳಿ ಹೋದೆವು. ಅವರು ಬ್ಯಾಟರಿ ಹಾಕಿ ಕಣ್ಣು ನೋಡಿದರು.

"ಏನ್ ಹಾಕ್ತೀರಿ ಕಾಕು?"

"ಹಾಲು, ಭಕ್ರಿ, ಮ್ಯಾಲ ತುಪ್ಪ. ನಮ್ ಯಜಮಾನ್ರಿಗಿ ಸುದ್ದಾ ಇಷ್ಟ್ ತುಪ್ಪ ಹಾಕಂಗಿಲ್ರಿ."

ಡಾಕ್ಟರು ನಗಲಿಲ್ಲ. "ಇದೇನ್ ದನ ಅಲ್ಲಲ್ರಿ. ಮಾಂಸ ಇಲ್ದ ಬೆಕ್ಕು ಬದುಕಂಗಿಲ್ಲ. ಹಿಂಗ ನಡದ್ರ ಕಣ್ಣು ಪೂರ್ತಿ ಹೋಗ್ತಾವ, ಆಮ್ಯಾಲ ಎದಿ ನಿಲ್ತೈತಿ."

ಹಾಲು ನಿಲ್ಲಿಸಬೇಕು. ಬೆಕ್ಕಿಗೆಂದೇ ಮಾಂಸ ಸೇರಿಸಿ ಮಾಡಿದ ಪ್ಯಾಕೆಟ್ ಆಹಾರ ಕೊಡಬೇಕು. ಅದರ ಜೊತೆಗೆ ಬೇಯಿಸಿದ ಮೊಟ್ಟೆ. ಉಪ್ಪು, ಮಸಾಲೆ, ಉಳ್ಳಾಗಡ್ಡಿ ತಾಕಬಾರದು. ಅವರು ಹೇಳಿದ್ದು ಇಷ್ಟು. ಬಸ್ಸಿನಲ್ಲಿ ಕಾಕು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಕ್ಕಲಕೋಟೆ ಹತ್ತಿರ ಬಂದಾಗ ಕೇಳಿದರು: "ತಮ್ಮಾ, ತತ್ತಿ ಎಷ್ಟೊತ್ತು ಕುದಿಸ್ಬೇಕು?"

ಮನೆಯಲ್ಲಿ ಈ ಮಾತು ಕಿವಿಗೆ ಬಿದ್ದ ಕೂಡಲೇ ಕಾಕಾ ಎದ್ದು ನಿಂತರು. "ಈ ಮನ್ಯಾಗ ತತ್ತಿ ಬಂದ್ರ ನಾ ಮಠಕ್ಕ ಹೋಗಿ ಮಲಗ್ತೀನಿ."

"ಹೋಗ್ರಿ. ಹಾಸಿಗಿ ಕಟ್ಟಿ ಕೊಡ್ಲೇನು?"

ಕಾಕಾ ಹೋಗಲಿಲ್ಲ. ಆದರೆ ಹಿತ್ತಲ ಕಡೆ ಕಾಲಿಡುವುದನ್ನು ಬಿಟ್ಟರು. ಕಾಕು ಹಿತ್ತಲಿನ ಗೋಡೆಯ ಬದಿಗೆ ಮೂರು ಇಟ್ಟಂಗಿ ಇಟ್ಟು ಒಲೆ ಮಾಡಿದರು. ಒಂದು ಹಳೆಯ ಡಬ್ಬಿಯಲ್ಲಿ ಮೊಟ್ಟೆ ಬೇಯುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಸಿಪ್ಪೆ ಸುಲಿಯುತ್ತಿದ್ದರು. ಬೆಕ್ಕು ತಿಂದು ಮುಗಿಸುವವರೆಗೆ ಎದುರಿಗೆ ಕೂತು, ಆಮೇಲೆ ಸ್ನಾನ ಮಾಡಿ ಪೂಜೆಗೆ ಹೋಗುತ್ತಿದ್ದರು. ಪ್ಯಾಕೆಟ್ಟನ್ನು ನಾನು ಸೋಲಾಪುರದಿಂದ ತರುತ್ತಿದ್ದೆ. ಬೆಕ್ಕಿನ ಮೈಮೇಲೆ ಕೂದಲು ಮತ್ತೆ ಬಂತು. ಹೋದ ದೃಷ್ಟಿ ಬರಲಿಲ್ಲ, ಉಳಿದದ್ದು ಹೋಗಲೂ ಇಲ್ಲ.

ಕೆಲವು ವರ್ಷಗಳ ಮೇಲೆ ಕಾಕು ತಾವೇ ಹಾಸಿಗೆ ಹಿಡಿದರು. ರಕ್ತ ಕಡಿಮೆ, ಶಕ್ತಿಯಿಲ್ಲ, ದಿನಾ ಒಂದು ಮೊಟ್ಟೆ ತಿನ್ನಲಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಒಲೆ ಹೇಗೂ ಹಿತ್ತಲಿನಲ್ಲೇ ಇದೆಯಲ್ಲ ಎಂದೆ. ಕಾಕು ನಕ್ಕರು.

"ಅದರ ಕೊಳ್ಳಾಗ ಲಿಂಗ ಐತೇನು ತಮ್ಮಾ? ಅದು ಬೆಕ್ಕು, ಅದರ ಊಟ ಅದು ಉಣ್ತೈತಿ. ನಂದು ನನಗ."

ಬೇಳೆ, ಹಾಲು, ಶೇಂಗಾ ಚಟ್ನಿಪುಡಿ... ಸೇರಿದಷ್ಟು ತಿಂದರು. ಕೊನೆಗೆ ಅದೂ ಸೇರಲಿಲ್ಲ. ಮೊಟ್ಟೆ ತಿಂದಿದ್ದರೆ ಬದುಕುತ್ತಿದ್ದರು ಎಂದು ಯಾವ ವೈದ್ಯರೂ ಹೇಳಲಿಲ್ಲ. ಆದ್ದರಿಂದ ನಾನೂ ಹಾಗೆ ಬರೆಯುವುದಿಲ್ಲ.

ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಮನೆ ತುಂಬ ಜನ. ಕಾಕಾ ನನ್ನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದರು. ಮೂರು ಇಟ್ಟಂಗಿಯ ಮುಂದೆ ಬೆಕ್ಕು ಕೂತಿತ್ತು. ಹೆಜ್ಜೆ ಸಪ್ಪಳಕ್ಕೆ ಕಿವಿ ಎತ್ತಿತು, ಎದ್ದು ಬರಲಿಲ್ಲ.

"ಎಷ್ಟೊತ್ತು ಕುದಿಸ್ಬೇಕು?" ಎಂದರು ಕಾಕಾ.

"ನಾ ಕುದಿಸ್ತೀನಿ, ಬಿಡ್ರಿ ಕಾಕಾ."

"ಬ್ಯಾಡ. ಇವತ್ತ ನೀ ಇದ್ದಿ. ನಾಳಿಗಿ?"

ಹತ್ತು ನಿಮಿಷ ಎಂದೆ. ಅವರು ಹೆಗಲ ಮೇಲಿನ ಟಾವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಒಲೆಯ ಮುಂದೆ ಕೂತರು. ಕಡ್ಡಿ ಗೀರಿದರು, ಆರಿತು, ಮತ್ತೆ ಗೀರಿದರು...

ಈಗ ಕಾಕಾ ಇಲ್ಲ, ಆ ಬೆಕ್ಕೂ ಇಲ್ಲ. ಆ ಓಣಿಗೆ ಹೋಗುವ ಕೆಲಸ ನನಗೆ ಬಿದ್ದಿಲ್ಲ.

ಸೀದ ಪಾತ್ರೆ ತಿಕ್ಕಿ, ಇನ್ನೊಂದು ಮೊಟ್ಟೆ ಇಟ್ಟು, ಬೇಯುವವರೆಗೆ ಒಲೆಯ ಹತ್ತಿರವೇ ನಿಂತಿದ್ದೆ. ಉಪ್ಪಿಲ್ಲದೆ ಚೂರು ಮಾಡಿ ಹಾಕಿದೆ. ಮರಿ ತಿಂದಿತು. ಕಿಟಕಿ ತೆರೆಯಲಿಲ್ಲ. ಈ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲ.